ಅರಗಿನಲ್ಲೊಂದು ಗುಳ್ಳೆ

ಚನ್ನಪಟ್ಟಣದ ಆ ಬೊಂಬೆ ಕಾರ್ಖಾನೆಯಲ್ಲಿ ಅವತ್ತು ಇದ್ದವರು ನಾಲ್ಕೇ ಜನ: ನಾನು, ನಮ್ಮ ಲ್ಯಾಬಿನ ಹಿರಿಯ ಮೇಡಂ, ಬೀದಿಗೆಲ್ಲ ಚಾಚಾ ಆಗಿದ್ದ ಮುದುಕ ಬೊಂಬೆಗಾರರು, ಬಾಗಿಲಲ್ಲಿ ನಿಂತು ಗಂಡನಿಗೆ ಬುದ್ಧಿ ಹೇಳುತ್ತಿದ್ದ ಚಾಚಿ. ನಡುವೆ ನನ್ನ ಪೆಟ್ಟಿಗೆ.

ಪೆಟ್ಟಿಗೆಯೊಳಗೆ ಕ್ಯಾಮೆರಾ. ಅಣು ಇಂಧನ ಇಟ್ಟ ಕೋಣೆಯ ಗೋಡೆಗೆ ಇದನ್ನು ತಗುಲಿಸಿ ತಪಾಸಣೆಯವರು ಹೊರಟುಹೋಗುತ್ತಾರೆ. ತಿಂಗಳುಗಟ್ಟಲೆ ಅದು ತನ್ನಷ್ಟಕ್ಕೆ ಚಿತ್ರ ತೆಗೆಯುತ್ತಿರಬೇಕು. ನಡುವೆ ಯಾರಾದರೂ ಬಿಚ್ಚಿ ಕೈಯಾಡಿಸಿದ್ದರೆ ತಿರುಗಿ ಬಂದವರಿಗೆ ತಿಳಿಯಬೇಕು. ಬೀಗ ಇರೋದು ಮರ್ಯಾದಸ್ಥರಿಗೆ, ಕಳ್ಳನಿಗಲ್ಲ ಅನ್ನುತ್ತಿದ್ದಳು ವಿರೂಪಾಕ್ಷಿಪುರದ ನಮ್ಮಜ್ಜಿ. ಅದಕ್ಕೇ ಮುಚ್ಚಳದ ಸಂದಿಗೆ ಅರಗು ಹುಯ್ದು, ಅದರ ಫೋಟೊ ತೆಗೆದಿಟ್ಟಿದ್ದೆ. ಎರಡು ವರ್ಷದ ದುಡಿಮೆ. "ಅರಗಿನ ಊರಿನವರೇ ಬಿಚ್ಚಿ ನೋಡಲಿ. ಗುರುತು ಸಿಗದ ಹಾಗೆ ಮುಚ್ಚಿಬಿಟ್ಟರೆ ಇದನ್ನು ಕೈಬಿಡೋಣ" ಅಂದಿದ್ದರು ಮೇಡಂ.

ಚಾಚಾ ಪೆಟ್ಟಿಗೆ ತಿರುವಿ ನೋಡಿದರು. "ಇಷ್ಟೇನಾ ಸಾರ್?"

"ಜಂಬ ಆಮೇಲೆ, ಮೊದ್ಲು ಬಿಚ್ಚಿ" ಅಂದರು ಚಾಚಿ.

ನಾವು ದೊಡ್ಡಮಳೂರಿಗೆ ಹೋಗಿ ಟೀ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಸಾಕ್ಷಿಗೆಂದು ಒಳಗೊಂದು ಬುಗುರಿಯನ್ನೂ ಇಟ್ಟಿದ್ದಾರಂತೆ! ಅದೇ ಬಣ್ಣ, ಅದೇ ಹೊಳಪು. ನನ್ನ ಹೆಬ್ಬೆರಳು ಒತ್ತಿದ ತಗ್ಗು ಕೂಡ ಇದ್ದ ಜಾಗದಲ್ಲೇ. ಮೇಡಂ ಭೂತಗನ್ನಡಿ ಹಿಡಿದು ಫೋಟೊ ಜೊತೆ ಹೋಲಿಸುತ್ತ ಹೋದರು, ಹೋದರು, ನಿಂತರು.

"ಇಲ್ಲೊಂದು ಗುಳ್ಳೆ ಇತ್ತಲ್ಲ?"

ಚಾಚಾ ನಾಚಿಕೊಂಡರು. "ಸಾಸ್ವೆ ಗಾತ್ರದ್ದು ಅಮ್ಮ. ಅರಗ್ನಲ್ಲಿ ಗುಳ್ಳೆ ಬುಟ್ರೆ ನಮ್ಮಪ್ಪ ಬಾರಿಸ್ತಿದ್ರು. ಕೈ ತಡೀಲಿಲ್ಲ, ತೆಗೆದ್ಬುಟ್ಟೆ."

"ಕಳ್ತನಕ್ಕೂ ಪಾಲೀಶು!" ಅಂದರು ಚಾಚಿ.

ನಾನು ಹಿಗ್ಗುವುದಕ್ಕೆ ಮೇಡಂ ಬಿಡಲಿಲ್ಲ. "ಬೇಕೆಂದರೆ ಆ ಗುಳ್ಳೇನೂ ಮಾಡಬಲ್ಲಿರಾ?"

"ಒಂದ್ಯಾಕೆ, ಐದು ಮಾಡ್ತೀನಿ. ನೂರಿದ್ರೆ ಮಾತ್ರ ಅಲ್ಲಾನೇ ಬರ್ಬೇಕು."

ನೂರು! "ಚಾಚಾ, ನೂರು ಗುಳ್ಳೆ ಏಳೋ ಹಾಗೆ ಅರಗು ಕೆಡಿಸೋದು ಹೇಗೆ?"

"ಕೆಡ್ಸೋದಾ?" ಬೈಸಿಕೊಂಡವರ ಹಾಗೆ ಮುಖ ಮಾಡಿದರು. ಕೊನೆಗೆ, ಒದ್ದೆ ಮರದ ಪುಡಿ ಬೆರೆಸಿ ಕಾಯಿಸುವುದನ್ನು ತೋರಿಸಿಕೊಟ್ಟರು. "ನಾನ್ ಹೇಳ್ಕೊಟ್ಟೆ ಅಂತ ಊರಾಗೆ ಅನ್ಬ್ಯಾಡಿ, ಮಾನ ಹೋಯ್ತದೆ."

ಮಳೆಗಾಲ ಕಳೆದ ಮೇಲೆ, ಆ ಗುಳ್ಳೆ ಅರಗು ಹುಯ್ದ ಹೊಸ ಪೆಟ್ಟಿಗೆಯನ್ನು ಅವರ ಮುಂದೆಯೇ ಇಟ್ಟೆವು. ಮೂರು ದಿನ ಕೂತು ಬಿಚ್ಚಿದರು, ಮುಚ್ಚಿದರು. ಫೋಟೊ ಜೊತೆ ಹೋಲಿಸಿದರೆ ಗುಳ್ಳೆಗಳು ಹೊಂದಲೇ ಇಲ್ಲ. ಮೇಡಂ ಅಲ್ಲೇ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದರು. ಮುಂದಿನ ವಾರ ಪೆಟ್ಟಿಗೆ ಅಣು ಇಂಧನದ ಕೋಣೆಗೆಂದು ರೈಲು ಹತ್ತಿತು.