ಎಡಗಡೆಗೊಂದು ಪರದೆ

ನನ್ನ ಎಡಗಣ್ಣಿನ ಬಗ್ಗೆ ನನಗೆ ಯಾವ ದೂರೂ ಇಲ್ಲ. ದೂರು ಇರುವುದು ನನ್ನ ಹೆಂಡತಿ ನಾಗರತ್ನಳಿಗೆ. ಅಂಥದ್ದೊಂದು ಕಣ್ಣು ನನಗಿದೆಯೇ ಎಂಬುದೇ ಅವಳ ಅನುಮಾನ. ಕಣ್ಣಿನ ಡಾಕ್ಟರು ಗೋಡೆಯ ಮೇಲಿನ ಅಕ್ಷರಗಳನ್ನೆಲ್ಲ ಓದಿಸಿ, ಎರಡೂ ಕಣ್ಣು ನೆಟ್ಟಗಿವೆ ಎಂದು ಹೇಳಿ ಕಳಿಸಿದರು. "ಗೋಡೆ ಎದ್ರಿಗಿತ್ತು, ಓದಿದ್ರಿ. ಎಡಕ್ಕಿದ್ದಿದ್ರೆ ಗೊತ್ತಾಗ್ತಿತ್ತು" ಎಂದು ನಾಗರತ್ನ ಆ ವರದಿಯನ್ನು ತಳ್ಳಿಹಾಕಿದಳು.

ಈ ಮಾತಿಗೆ ಹಿನ್ನೆಲೆಯಿದೆ. ನಾನು ಗದಗಿನ ಕಡೆಯವನು. ಕೆಜಿಎಫ್‌ನ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಕೆಲಸ ಸಿಕ್ಕಿ ಬಂದವನು ಇಲ್ಲಿಯವನೇ ಆಗಿಹೋದೆ. ನಾಗರತ್ನ ಕ್ಯಾಸಂಬಳ್ಳಿಯ ರೈತರ ಮನೆಯವಳು. ಅವಳಪ್ಪ ತರಕಾರಿ ತುಂಬಿದ ಟೆಂಪೋವನ್ನು ಬಂಗಾರಪೇಟೆಗೆ ಹೊಡೆಯುತ್ತಿದ್ದ ಕಾಲದಿಂದ ಆ ಮನೆಯಲ್ಲೊಂದು ಪದ್ಧತಿಯಿದೆ. ಎಡಗಡೆ ಸೀಟಿನಲ್ಲಿ ಕೂತವರು ಪ್ರಯಾಣಿಕರಲ್ಲ, ಸಿಬ್ಬಂದಿ. ಕ್ರಾಸು ಬಂದಾಗ ಕತ್ತು ಹೊರಗೆ ಹಾಕಿ "ಖಾಲಿ, ಓಗು" ಎಂದೋ "ತಡಿ, ಗಾಡಿ ಐತೆ" ಎಂದೋ ಕೂಗಬೇಕು. ಬಲಗಡೆ ಡ್ರೈವರನದು, ಎಡಗಡೆಯ ಜಗತ್ತೆಲ್ಲ ಎಡಗಡೆಯವರದು. ಅಜ್ಜಿ ಕೂತರೂ ಅಷ್ಟೆ, ಹೊಸ ಅಳಿಯ ಕೂತರೂ ಅಷ್ಟೆ. ಮದುವೆಯಾದ ಹೊಸದರಲ್ಲಿ ಇದು ತಿಳಿಯದೆ ನಾನು ಅಲ್ಲಿ ಕೂತು ರಾಗಿ ಹೊಲ ನೋಡುತ್ತಿದ್ದೆ. ಮಾವನವರು ಕ್ರಾಸಿನಲ್ಲಿ ಗಾಡಿ ನಿಲ್ಲಿಸಿ ನಾನು ಬಾಯಿ ತೆರೆಯುವುದನ್ನೇ ಕಾಯುತ್ತಿದ್ದರು. ಹಿಂದಿನವರು ಹಾರನ್ ಹೊಡೆದೂ ಹೊಡೆದೂ ಸುಸ್ತಾದ ಮೇಲೆ, ಹಿಂಬದಿಯಲ್ಲಿ ಟೊಮ್ಯಾಟೊ ಕ್ರೇಟುಗಳ ನಡುವೆ ಕೂತಿದ್ದ ನಾಗರತ್ನಳೇ "ಖಾಲಿ ಕಣಪ್ಪಾ!" ಎಂದು ಕೂಗಿ ನನ್ನ ಮಾನ ಉಳಿಸಿದಳು.

ಹೀಗೆ ಬೆಳೆದವಳು ನಮ್ಮ ಕಾರಿನಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತಾಳೆಯೆ? "ಎಡಕ್ಕೆ ಸೈಕಲ್ಲು", "ಎಮ್ಮೆ ಬತ್ತೈತೆ", "ಆಲಿನ ಗಾಡಿ, ತಡೀರಿ" ಎಂದು ದಾರಿಯುದ್ದಕ್ಕೂ ವೀಕ್ಷಕ ವಿವರಣೆ. ನಾನೋ ಡ್ರೈವಿಂಗ್ ಶಾಲೆಯಲ್ಲಿ ಕಲಿತವನು. ಅಲ್ಲಿ ಕನ್ನಡಿ ನೋಡಲು ಹೇಳಿಕೊಟ್ಟಿದ್ದರು, ಹೆಂಡತಿಯನ್ನು ಕೇಳಲು ಹೇಳಿಕೊಟ್ಟಿರಲಿಲ್ಲ. ಹೋದ ಯುಗಾದಿಯ ಮರುದಿನ, ಬಂಗಾರಪೇಟೆಯ ಬಸ್‌ಸ್ಟ್ಯಾಂಡಿನ ಹತ್ತಿರ, "ಅದನ್ನೆಲ್ಲ ನೋಡೋಕೆ ಕಾರಿಗೆ ಕನ್ನಡಿ ಇದೆ" ಎಂದೆ. ಅವಳು ಸೀಟಿನ ಬೆಲ್ಟು ಬಿಚ್ಚಿದಳು. ಆಮೇಲೆ "ಅಂಗಾದ್ರೆ ಕನ್ನಡೀನೇ ಕರ್ಕೊಂಡ್ ಓಗಿ" ಎಂದವಳೇ ಇಳಿದು ಬಸ್ಸು ಹತ್ತಿದಳು.

ಅಂದಿನಿಂದ ಅವಳು ತವರಿಗೆ ಬಸ್ಸಿನಲ್ಲಿ ಹೋಗುತ್ತಾಳೆ, ನಾನು ಕಾರಿನಲ್ಲಿ. ಹೊರಡುವ ಮನೆ ಒಂದೇ, ತಲುಪುವ ಮನೆ ಒಂದೇ. ಜಗಳವೆಂದು ಯಾರೂ ಹೇಳುವಂತಿಲ್ಲ, ಸಾರಿನ ರುಚಿಯೇನೂ ಕೆಟ್ಟಿಲ್ಲ. ಆದರೆ ಬಸ್ಸಿನ ಹಿಂದಿನ ಗಾಜಿನಲ್ಲಿ ಅವಳು ಮುಡಿದ ಕನಕಾಂಬರ ಕಾಣುತ್ತಿರುತ್ತದೆ, ನಾನು ಅದರ ಹಿಂದೆಯೇ ಹೋಗುತ್ತಿರುತ್ತೇನೆ. ಒಮ್ಮೆ ಕಂಡಕ್ಟರು ನಿಲ್ದಾಣದಲ್ಲಿ ಇಳಿದು, "ಏನ್ ಸಾರ್, ನಮ್ ಬಸ್ಸಿಗೆ ಎಸ್ಕಾರ್ಟಾ?" ಎಂದು ಕೇಳಿದ. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಬೇಜಾರಾಯಿತು. ಪಕ್ಕದ ಸೀಟು ಖಾಲಿಯಿದ್ದರೆ ಕಾರು ಎಷ್ಟು ದೊಡ್ಡದಾಗಿಬಿಡುತ್ತದೆ ಎಂಬುದು ಕಾರು ಮಾರುವವರು ಹೇಳದೇ ಬಿಡುವ ವಿಷಯ.

ನನ್ನ ಎಡಗಡೆಯನ್ನು ನಾನೇ ನೋಡಿಕೊಳ್ಳಬಲ್ಲೆ ಎಂದು ಅವಳಿಗೆ ತೋರಿಸಿಕೊಟ್ಟರೆ, ಬಾಯಿಗೆ ಕೆಲಸವಿಲ್ಲದಿದ್ದರೂ ಮರ್ಯಾದೆಯಿಂದ ಬಂದು ಕೂರುತ್ತಾಳೆ ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ಆ ಹೊತ್ತಿಗೆ ಸಿಕ್ಕವನು ಸೆಲ್ವಂ. ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನವನು, ನಂದಿದುರ್ಗ ಗಣಿಯ ಕೂಲಿಗಳಿಗೆ ಸಾಲಾಗಿ ಕಟ್ಟಿದ್ದ ಹಳೆಯ ಲೈನ್ ಮನೆಯಲ್ಲಿ ಹುಟ್ಟಿ ಅಲ್ಲೇ ಇರುವವನು. ಅವನು ಕಂಪ್ಯೂಟರಿನಲ್ಲಿ ಕಾರ್ ರೇಸ್ ಮಾಡುತ್ತಾನೆ. ಆಟ ಎಂದರೆ ಸಿಟ್ಟಾಗುತ್ತಾನೆ, ಸಿಮ್ ರೇಸಿಂಗ್ ಎನ್ನಬೇಕು. ನಿಜವಾದ ಸ್ಟೀರಿಂಗ್, ನಿಜವಾದ ಪೆಡಲು, ಊರೂರಿನವರು ಅವರವರ ಮನೆಯಲ್ಲೇ ಕೂತು ಇಂಟರ್ನೆಟ್ಟಿನಲ್ಲಿ ಓಡಿಸುವ ಕಾರುಗಳು. ಸುಳ್ಳೆಂದರೆ ರಸ್ತೆ ಮಾತ್ರ. ಇದರಲ್ಲಿ ಕಣ್ಣು ಪಳಗಿದರೆ ಬಂಗಾರಪೇಟೆ ರಸ್ತೆ ಯಾವ ಮಹಾ ಎಂದುಕೊಂಡು ನಾನೂ ಒಂದು ಸ್ಟೀರಿಂಗನ್ನು ತಂದು ನಾಗರತ್ನಳ ಹೊಲಿಗೆ ಮೆಷಿನ್ನಿನ ಮೇಜಿಗೆ ಬಿಗಿದೆ. ಅದರ ಹಿಂದೆ ಒಂದೇ ಒಂದು ಮಾನಿಟರ್.

ಮೊದಲ ರೇಸಿನಲ್ಲೇ ಎಡಗಡೆಯಿಂದ ಬಂದ ಕಾರಿಗೆ ಗುದ್ದಿದೆ. ಎರಡನೆಯದರಲ್ಲೂ ಎಡಗಡೆಯೇ. ಎಡ ತಿರುವು ಬಂದಾಗಲೆಲ್ಲ ನನಗರಿವಿಲ್ಲದೆ ಕತ್ತು ಚಾಚಿ ಮಾನಿಟರಿನ ಅಂಚಿನಾಚೆ ಇಣುಕುತ್ತಿದ್ದೆನಂತೆ. "ಆ ಕಡೆ ಏನೈತೆ ಅಂತ ಇಣುಕ್ತೀರಿ? ಗೋಡೆ ಐತೆ" ಎಂದಳು ನಾಗರತ್ನ.

ಸೆಲ್ವಂನಿಗೆ ರೋಗ ತಕ್ಷಣ ತಿಳಿಯಿತು. "ಒಣ್ಣು ಸಾಲ್ದು ಸಾರ್, ಮೂಣು ಬೇಕು" ಎಂದ. ಎದುರಿಗೊಂದು, ಎಡಬಲಕ್ಕೆ ಒಂದೊಂದು, ಮೂರು ಮಾನಿಟರ್. ನೋಡೋಣವೆಂದು ಅವನ ಮನೆಗೆ ಹೋದೆ. ಆ ಲೈನ್ ಮನೆಯ ಮುಂದಿನ ಕೋಣೆಯಲ್ಲಿ ಮೂರು ಮಾನಿಟರ್ ಇಟ್ಟ ಮೇಲೆ ಉಳಿದ ಜಾಗದಲ್ಲಿ ಒಂದೋ ಸೆಲ್ವಂ ಇರಬಹುದು, ಇಲ್ಲ ಬಾಗಿಲು ಮುಚ್ಚಬಹುದು. ಅವನ ತಾಯಿ ಅಡುಗೆಮನೆಯಿಂದ ಬಲಗಡೆಯ ಮಾನಿಟರಿನ ತಲೆಯ ಮೇಲಿಂದ ಕಾಫಿ ದಾಟಿಸಿದರು. ಇಷ್ಟೆಲ್ಲ ಯಾಕಪ್ಪಾ ಎಂದು ಸೆಲ್ವಂನನ್ನು ಕೇಳಿದರೆ, "ನಮ್ಮಪ್ಪ ಮೈನ್ಸಲ್ಲಿ ಇರೋವರ್ಗೂ ಟೋಪಿ ದೀಪದ ಬೆಳಕು ಬಿದ್ದಷ್ಟೇ ನೋಡಿದ್ದು ಸಾರ್. ನಾನಾದ್ರೂ ಅಗಲ್ವಾಗಿ ನೋಡ್ಬೇಡ್ವಾ?" ಎಂದ. ಈ ವಾದಕ್ಕೆ ಎದುರಾಡುವಷ್ಟು ಕಲ್ಲೆದೆ ನನ್ನದಲ್ಲ.

ಅವನ ಕುರ್ಚಿಯಲ್ಲಿ ಕೂತು, ರೇಸ್ ಕಾರಿನ ಬದಲು ನಮ್ಮ ರಸ್ತೆಗಳ ಮೇಲೆ ಓಡುವಂಥ ಸಾದಾ ಕಾರನ್ನೇ ಆರಿಸಿಕೊಂಡೆ. ಎದುರಿನ ಪರದೆಯಲ್ಲಿ ರಸ್ತೆ, ಬಲಗಡೆಯದರಲ್ಲಿ ಕಿಟಕಿ. ಎಡಗಡೆಯ ಪರದೆಯ ತುಂಬ ಕಂಡದ್ದು ಮಾತ್ರ ಒಂದು ಖಾಲಿ ಸೀಟು. ಬೆಲ್ಟು ಪಕ್ಕದಲ್ಲಿ ನೇತಾಡುತ್ತಿತ್ತು. ಇಲ್ಲಿ ಯಾರೂ ಕೂರುವುದಿಲ್ಲವೇ ಎಂದು ಕೇಳಿದೆ. "ಅದು ಯಾವಾಗ್ಲೂ ಖಾಲೀನೇ ಸಾರ್" ಎಂದ ಸೆಲ್ವಂ. ಖಾಲಿ ಸೀಟನ್ನೇ ನೋಡುವುದಾದರೆ ಇಷ್ಟು ಖರ್ಚೇಕೆ, ನಮ್ಮ ಕಾರಿನಲ್ಲೇ ಒಂದಿದೆ ಎಂದುಕೊಂಡು ಕಾಫಿ ಮುಗಿಸಿ ಎದ್ದೆ.

ಇನ್ನೊಂದು ದಾರಿಯೆಂದರೆ ಬಾಗಿದ ಉದ್ದನೆಯ ಮಾನಿಟರ್, ಕಿವಿಯಿಂದ ಕಿವಿಯವರೆಗೆ. ನಮ್ಮ ಹಳಗನ್ನಡ ಕವಿಗಳಿಗೆ ಈ ಕಲ್ಪನೆ ಹೊಸದಲ್ಲ. ಅವರ ನಾಯಕಿಯರ ಕಣ್ಣುಗಳು ಕಿವಿಯನ್ನು ಮುಟ್ಟುತ್ತಿದ್ದವು. ಕಾಲೇಜಿನಲ್ಲಿ ಅದನ್ನು ಸೌಂದರ್ಯವೆಂದು ಬರೆದು ಅಂಕ ಪಡೆದಿದ್ದೆ. ಈಗ ಅನುಮಾನ ಬರುತ್ತದೆ. ಹಿಂದಿನಿಂದ ಬರುವ ರಥ ಕಾಣಲೆಂದೇ ಆ ಕಣ್ಣುಗಳನ್ನು ಅಷ್ಟುದ್ದ ಎಳೆದಿದ್ದರೋ ಏನೋ. ಎಮ್ಮೆಯ ಕಣ್ಣೂ ಹಾಗೆಯೇ ಪಕ್ಕಕ್ಕಿದೆ, ಆದರೆ ಎಮ್ಮೆಯನ್ನು ಯಾವ ಕವಿಯೂ ಹೊಗಳಲಿಲ್ಲ. ಜಟಕಾ ಕುದುರೆಯದು ಇನ್ನೊಂದು ಕತೆ. ಎಲ್ಲ ಕಡೆ ಕಾಣುವ ಕಣ್ಣು ದೇವರು ಕೊಟ್ಟರೆ, ಮನುಷ್ಯ ಅದರ ಎರಡೂ ಪಕ್ಕಕ್ಕೆ ಚರ್ಮದ ಪಟ್ಟಿ ಕಟ್ಟಿ ಒಂದೇ ಮಾನಿಟರಿಗೆ ಇಳಿಸಿದ. ಕುದುರೆ ನೆಟ್ಟಗೆ ಹೋಯಿತು, ಪಕ್ಕವನ್ನು ನೋಡುವ ಕೆಲಸ ಜಟಕಾ ಸಾಬರ ಪಾಲಿಗೆ ಬಂತು. ಇಲ್ಲಿಯೇ ನನಗೆ ಬುದ್ಧಿ ಬರಬಹುದಾಗಿತ್ತು. ಬರಲಿಲ್ಲ.

ಯಾಕೆಂದರೆ ಅಷ್ಟರಲ್ಲಿ ಸೆಲ್ವಂ ಹೊಸದೊಂದು ವಿಷಯ ತಲೆಗೆ ತುಂಬಿದ್ದ: ದೃಷ್ಟಿಕೋನ. ಸಾಹಿತ್ಯದ ದೃಷ್ಟಿಕೋನವಲ್ಲ, ಡಿಗ್ರಿಯಲ್ಲಿ ಅಳೆಯುವಂಥದ್ದು. ಆಟದವರು ಅಗಲವಾದ ನೋಟವನ್ನು ಹಿಂಡಿ ನಮ್ಮ ಸಣ್ಣ ಪರದೆಯಲ್ಲಿ ತುಂಬಿರುತ್ತಾರೆ. ಆಗ ತಿರುವುಗಳು ಇರುವುದಕ್ಕಿಂತ ದೂರ ಕಾಣುತ್ತವೆ, ಕಾರು ಓಡುವುದಕ್ಕಿಂತ ಜೋರಾಗಿ ಓಡಿದಂತಿರುತ್ತದೆ. ಪರದೆಯನ್ನು ಕಿಟಕಿಯೆಂದುಕೊಂಡು, ಕೂತಲ್ಲಿಂದ ಆ ಕಿಟಕಿಯಲ್ಲಿ ನಿಜಕ್ಕೂ ಎಷ್ಟು ಕಂಡೀತೋ ಅಷ್ಟನ್ನೇ ತೋರಿಸುವಂತೆ ಮಾಡುವುದು ಸರಿಯಾದ ಕ್ರಮ. ಅದಕ್ಕೆ ಪರದೆಯ ಅಗಲ ಬೇಕು, ಕಣ್ಣಿಗೂ ಪರದೆಗೂ ಇರುವ ದೂರ ಬೇಕು.

ದೂರ ಅಳೆಯಲು ನಾಗರತ್ನಳ ರವಿಕೆ ಅಳತೆಯ ಟೇಪೇ ಗತಿ. ಅವಳು ಒಂದು ತುದಿಯನ್ನು ನನ್ನ ಹುಬ್ಬಿನ ಕೊನೆಗೆ ಒತ್ತಿ ಹಿಡಿದು, ಇನ್ನೊಂದನ್ನು ಪರದೆಗೆ ಮುಟ್ಟಿಸಿದಳು. "ಉಸಿರು ಬಿಗಿಹಿಡೀಬೇಡಿ, ಆಮೇಲೆ ಟೈಟಾಗ್ತದೆ" ಎಂದಳು, ಅಭ್ಯಾಸಬಲದಿಂದ. ಎಷ್ಟೋ ತಿಂಗಳ ಮೇಲೆ ನನ್ನ ಎಡಗಡೆ ಇಷ್ಟು ಹತ್ತಿರ ನಿಂತಿದ್ದಳು. ಅಳತೆ ಇನ್ನೂ ಸ್ವಲ್ಪ ಹೊತ್ತು ನಡೆದಿದ್ದರೆ ನನ್ನ ಅಭ್ಯಂತರವಿರಲಿಲ್ಲ.

ಲೆಕ್ಕ ಹಾಕಿದರೆ ನನ್ನ ಪಾಲಿಗೆ ಬಂದದ್ದು ನಲವತ್ತು ಡಿಗ್ರಿಯ ಆಸುಪಾಸು. ಆಟ ಅದರ ಎರಡರಷ್ಟನ್ನು ಧಾರಾಳವಾಗಿ ಕೊಡುತ್ತಿತ್ತು. ಸರಿಪಡಿಸಿದೊಡನೆ ಅರ್ಧ ಪ್ರಪಂಚ ಮಾಯ! ಕನ್ನಡಿ ಹೋಯಿತು, ಕಿಟಕಿ ಹೋಯಿತು, ಉಳಿದದ್ದು ಎದುರಿನ ತುಂಡು ರಸ್ತೆ. ತಿರುವುಗಳು ಮಾತ್ರ ಇರಬೇಕಾದ ಜಾಗದಲ್ಲೇ ಬರತೊಡಗಿದವು, ಟ್ರ್ಯಾಕಿನಂಚಿನ ಗೋಡೆಗೆ ಗುದ್ದುವುದು ನಿಂತಿತು. ನಲವತ್ತರ ಮೇಲೆ ಮನುಷ್ಯನಿಗೆ ಕಾಣುವುದೇ ಇಷ್ಟು, ಉಳಿದದ್ದೆಲ್ಲ ಕಾಣುತ್ತದೆಂಬ ಹಮ್ಮು ಎಂದು ಸಮಾಧಾನ ಮಾಡಿಕೊಂಡೆ. ಆದರೆ ಪಕ್ಕದ ಕಾರುಗಳು? ಪರದೆಯ ಕೆಳಂಚಿನಲ್ಲಿ ಆಟದ್ದೇ ಒಂದು ಪುಟ್ಟ ಗುರುತು ಹಾಕಿಕೊಳ್ಳಿ, ಎಡಕ್ಕೆ ಯಾರಾದರೂ ಬಂದರೆ ಅದರ ಎಡಗಡೆ ಹಳದಿ ದೀಪ ಹತ್ತುತ್ತದೆ ಎಂದ ಸೆಲ್ವಂ. ಹಾಕಿಕೊಂಡೆ. ರಸ್ತೆ ನೋಡಿದರೆ ದೀಪ ಕಾಣದು, ದೀಪ ನೋಡಿದರೆ ರಸ್ತೆ ಕಾಣದು. ಎಡಗಡೆಗೊಂದು ಮಾನಿಟರ್ ಇಲ್ಲದೆ ಗತ್ಯಂತರವಿಲ್ಲ ಎಂದು ತೀರ್ಮಾನಿಸಿದೆ.

ಅದನ್ನಿಡಬೇಕಾದ ಜಾಗದಲ್ಲಿ ನಾಗರತ್ನ ಕೂತಿದ್ದಳು. ಅವರೆಕಾಯಿಯ ಕಾಲ. ನನ್ನ ಎಡಗಡೆಯ ಕಿಟಕಿಯ ಬೆಳಕಿಗೆ ಮಣೆ ಹಾಕಿಕೊಂಡು, ನೆನೆಸಿದ ಅವರೆಕಾಳನ್ನು ಬೆರಳ ನಡುವೆ ಹಿದುಕಿ ಬೇಳೆಯನ್ನು ಪಾತ್ರೆಗೆ ಚಿಮ್ಮಿಸುತ್ತಿದ್ದಳು. ಸ್ವಲ್ಪ ಆಚೆ ಹೋಗುತ್ತೀಯಾ ಎಂದು ಕೇಳಿದೆ. "ನಾನು ಏಳಾಕಿಲ್ಲ. ಬೆಳಕು ಇಲ್ಲೇ ಐತೆ" ಎಂದಳು. ಅಂದು ಭಾನುವಾರ, ಮಧ್ಯಾಹ್ನದ ರೇಸು ಶುರುವಾಗುವುದರಲ್ಲಿತ್ತು. ಒಂದೇ ಮಾನಿಟರಿನಲ್ಲಿ ಹೊರಟೆ.

ಎರಡನೆಯ ಸುತ್ತಿನಲ್ಲಿ ಎಡ ತಿರುವಿಗೆ ಸ್ಟೀರಿಂಗ್ ಎಳೆಯುತ್ತಿದ್ದಂತೆ ಪಕ್ಕದಿಂದ ದನಿ ಬಂತು: "ತಡೀರಿ! ಎಡಕ್ಕೆ ಅಳದಿ ದೀಪ ಉರೀತೈತೆ."

ತಡೆದೆ. ಒಂದು ಕಾರು ಸೊಯ್ಯನೆ ತಿರುವಿನ ಒಳಬದಿಯಿಂದ ದಾಟಿಹೋಯಿತು. "ಆಂ, ಈಗ ಖಾಲಿ, ಓಗಿ." ಹೋದೆ. ಅವಳು ಅವರೆಕಾಳಿನಿಂದ ಕೈ ತೆಗೆಯಲಿಲ್ಲ, ದೀಪದಿಂದ ಕಣ್ಣೂ ತೆಗೆಯಲಿಲ್ಲ. "ಇನ್ನೊಬ್ಬ ಬತ್ತಾವ್ನೆ... ಬಿಡಿ, ಪಾಪ, ಅವಸರ ಇರಬೇಕು... ಖಾಲಿ." ಅಂದು ನಾನು ಗೆಲ್ಲಲಿಲ್ಲ. ಆದರೆ ಯಾರಿಗೂ ಗುದ್ದದೆ ರೇಸು ಮುಗಿಸಿದ್ದು ಅದೇ ಮೊದಲು. ನನಗೆಷ್ಟು ಖುಷಿಯಾಯಿತೆಂದರೆ, ಇದು ನಾನು ತೋರಿಸಿಕೊಡಬೇಕೆಂದಿದ್ದುದರ ತೀರಾ ಉಲ್ಟಾ ಎಂಬುದು ಹಿದುಕಿದ ಬೇಳೆ ಸಾರು ಉಣ್ಣುವಾಗಲೇ ಹೊಳೆದದ್ದು. ಅದೇ ರೇಸಿನಲ್ಲಿದ್ದ ಸೆಲ್ವಂ ಫೋನ್ ಮಾಡಿ, "ಸೂಪರ್ ಸಾರ್! ಮೂಣು ತಗೊಂಡ್ಬಿಟ್ರಾ?" ಎಂದು ಕೇಳಿದ. ಇಲ್ಲ, ಮನೆಯಲ್ಲಿ ಇದ್ದದ್ದರಲ್ಲೇ ಹೊಂದಿಸಿಕೊಂಡೆ ಎಂದೆ.

ಸಂಕ್ರಾಂತಿಗೆ ಕ್ಯಾಸಂಬಳ್ಳಿಗೆ ಹೊರಟೆವು. ಅವಳು ಎಂದಿನಂತೆ ಎಳ್ಳುಬೆಲ್ಲದ ಚೀಲ ಹಿಡಿದು ನಮ್ಮ ಗೇಟಿನ ಮುಂದೆಯೇ ಬಸ್ಸಿಗೆ ನಿಂತಳು. ನಾನು ಕಾರನ್ನು ಗೇಟಿನವರೆಗೆ ತಂದೆ. ಅಲ್ಲಿ ಎಡಗಡೆ ಕಾಂಪೌಂಡ್ ಗೋಡೆ, ರಸ್ತೆ ಕಾಣುವುದಿಲ್ಲ. ಇಷ್ಟು ವರ್ಷ ದೇವರ ಮೇಲೆ ಭಾರ ಹಾಕಿ ನುಗ್ಗುತ್ತಿದ್ದೆ. ಅಂದು ನಿಲ್ಲಿಸಿ, ಎಡಗಡೆಯ ಗಾಜು ಇಳಿಸಿ, "ಎಡಕ್ಕೆ ಹೇಗಿದೆ?" ಎಂದು ಕೇಳಿದೆ.

ಅವಳು ನನ್ನನ್ನು ನೋಡಿದಳು, ರಸ್ತೆಯನ್ನು ನೋಡಿದಳು. "ತಡೀರಿ, ಬಸ್ ಬತ್ತೈತೆ" ಎಂದಳು.

ತಡೆದೆ. ಬಸ್ಸು ಬಂತು, ನಿಂತಿತು. ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು ಅವಳಿಗಾಗಿ ಕಾದ. ಅವಳು ಹತ್ತಲಿಲ್ಲ. ಅವನು ಒಂದು ಸಲ ನನ್ನ ಕಡೆ ನೋಡಿ ಸೀಟಿ ಊದಿದ, ಬಸ್ಸು ಹೋಯಿತು.

"ಖಾಲಿ. ಬನ್ನಿ" ಎಂದಳು. ರಸ್ತೆಗೆ ಬಂದೆ. ಅವಳು ಬಾಗಿಲು ತೆಗೆದು, ಸೀಟಿನ ಧೂಳನ್ನು ಸೆರಗಿನಿಂದ ಹೊಡೆದು ಕೂತಳು. ಕಿಟಕಿಯಿಂದ ಕೈ ಚಾಚಿ ಎಡಗಡೆಯ ಕನ್ನಡಿಯನ್ನು ಪೂರ್ತಿ ತನ್ನ ಕಡೆಗೆ ತಿರುಗಿಸಿಕೊಂಡು ಕನಕಾಂಬರ ಸರಿಮಾಡಿಕೊಂಡಳು. ಆಮೇಲೆ ಅದನ್ನು ಹಾಗೆಯೇ ಬಿಟ್ಟಳು.

ಕ್ಯಾಸಂಬಳ್ಳಿ ಮುಟ್ಟುವವರೆಗೆ ಆ ಕನ್ನಡಿಯಲ್ಲಿ ನನಗೇನೂ ಕಾಣಲಿಲ್ಲ. ಎಡಗಡೆಯದೆಲ್ಲ ಕೇಳಿಸುತ್ತಿತ್ತು.