ದೇವರ ಚೀಲದಲ್ಲಿ ಆರು ನೋಟುಬುಕ್ಕು

ಇವತ್ತು ಬೆಳಿಗ್ಗೆ ನಿಮ್ಮಮ್ಮ ಜೋಳದ ಚೀಲ ಬಿಚ್ಚಿದಳು. ಹುಳ ಹಿಡಿಯದಿರಲೆಂದು ಹಾಕಿದ್ದ ಒಣ ಬೇವಿನೆಲೆಯ ವಾಸನೆ ಅಡುಗೆಮನೆ ತುಂಬಿತು. ನಲವತ್ತು ವರ್ಷವಾಯಿತು, ಆ ವಾಸನೆ ಬಂದರೆ ಸಾಕು, ನಾನು ಈಗಲೂ ಚರ್ಚಿನ ಜಮಖಾನೆಯ ಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತವಳೇ.

"ಆಯಿ, ನಿನ್ನ ಕಾದಂಬರಿ ಯಾವಾಗ ಬರತದ?" ಎಂದು ಮೊಮ್ಮಕ್ಕಳು ನೀವು ಬಂದಾಗಲೆಲ್ಲ ಕೇಳುತ್ತೀರಿ. ನಾನು ಏನಾದರೂ ಹೇಳಿ ಒಳಗೆ ಹೋಗಿಬಿಡುತ್ತೇನೆ. ಮುಖ ನೋಡುತ್ತ ಹೇಳಲು ನಾಚಿಕೆ. ಬರೆದರೆ ನೀವು ನನ್ನ ಮುಖ ನೋಡುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ತವರೂರ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ಯರಗುಪ್ಪಿ ಕಡೆಯ ಈ ಊರಿಗೆ ಸೊಸೆಯಾಗಿ ಬಂದಾಗ ಇಲ್ಲಿ ನಮ್ಮ ಕ್ರೈಸ್ತರ ಮನೆ ಹತ್ತೋ ಹನ್ನೆರಡೋ ಇದ್ದವು, ಸಣ್ಣದೊಂದು ಚರ್ಚು. ಮಧ್ಯಾಹ್ನ ಅತ್ತೆ ಸಾರವ್ವ ಮಲಗಿದ ಹೊತ್ತಿನಲ್ಲಿ ನಾನು ಬರೆಯತೊಡಗಿದೆ. ಕಾದಂಬರಿ ಎನ್ನುವ ಧೈರ್ಯ ಇರಲಿಲ್ಲ. ಒಂದು ಮನೆ, ಒಬ್ಬ ಅತ್ತೆ, ಒಬ್ಬ ಸೊಸೆ. ಆ ಅತ್ತೆ ಸಕ್ಕರೆ, ಬೆಲ್ಲ, ಶೇಂಗಾ ಎಲ್ಲವನ್ನೂ ಕಪಾಟಿನಲ್ಲಿಟ್ಟು ಕೀಲಿ ಹಾಕುವವಳು. ಕಲ್ಪಿಸಿಕೊಳ್ಳಲು ನನಗೆ ಕಷ್ಟವೇ ಆಗಲಿಲ್ಲ. ಅಂಥವರೇ ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದರು.

ಬರೆದದ್ದನ್ನು ಬಚ್ಚಿಡುವುದೇ ದೊಡ್ಡ ಪಾಡು. ಅತ್ತೆಯ ಕೈ ಹೋಗದ ಜಾಗ ಆ ಮನೆಯಲ್ಲಿ ಇರಲಿಲ್ಲ, ಒಂದನ್ನು ಬಿಟ್ಟು. ರಾಶಿ ಆದ ಕೂಡಲೆ ಮೊದಲ ಜೋಳವನ್ನು ಚರ್ಚಿನ ಸುಗ್ಗಿ ಹಬ್ಬಕ್ಕೆಂದು ಒಂದು ಚೀಲದಲ್ಲಿ ತುಂಬಿ, ಬೇವಿನೆಲೆ ಹಾಕಿ ಮೂಲೆಗೆ ಇಡುತ್ತಿದ್ದೆವು. ಅದು ದೇವರ ಚೀಲ, ಹಬ್ಬದ ದಿನ ಚರ್ಚಿನಲ್ಲಿ ಹರಾಜಿಗೆ, ನಮ್ಮ ಮಾತಿನಲ್ಲಿ ಲಿಲಾವಿಗೆ, ಹೋಗುವುದು. ಹಬ್ಬದವರೆಗೆ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ, ಅತ್ತೆ ಕೂಡ. ನಾನು ಆರು ನೋಟುಬುಕ್ಕುಗಳನ್ನು ಬಟ್ಟೆಯಲ್ಲಿ ಸುತ್ತಿ ಆ ಜೋಳದೊಳಗೆ ಹುಗಿದೆ. ದೇವರು ಯಾರಿಗೂ ಹೇಳುವುದಿಲ್ಲ ಎಂದುಕೊಂಡೆ. ಹಬ್ಬದ ಮುಂಜಾನೆ ತೆಗೆದರಾಯಿತು ಎಂದುಕೊಂಡೆ.

ಆ ಮುಂಜಾನೆ ನಾನು ಆಗಿನ್ನೂ ಸಣ್ಣವನಿದ್ದ ನಿಮ್ಮಪ್ಪನಿಗೆ ನೀರೆರೆದು ಬರುವಷ್ಟರಲ್ಲಿ ಅತ್ತೆ ಚೀಲದ ಬಾಯಿ ಹೊಲಿದು ಚಕ್ಕಡಿಗೆ ಹೇರಿಸಿಯಾಗಿತ್ತು.

ತಡೆಯಬಹುದಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಹೇಳಲಿಲ್ಲ. ಇಡೀ ಚೀಲ ಹಾಗೇ ಹರಾಜಾಗಿ ಹೋಗಲಿ, ಕೊಂಡವರ ಮನೆಗೆ ಹೋಗಿ ಗುಟ್ಟಾಗಿ ಕೇಳಿಕೊಂಡರಾಯಿತು ಎಂದು ಚಕ್ಕಡಿಯ ಹಿಂದೆ ನಡೆದೆ.

ಪ್ರಾರ್ಥನೆ ಮುಗಿದು ಹರಾಜು ಶುರುವಾಯಿತು. ಕುಂಬಳಕಾಯಿ ಹೋಯಿತು, ಕೋಳಿ ಹೋಯಿತು. ನಮ್ಮ ಚೀಲ ಬಂದಾಗ ಸಭೆಯ ಹಿರಿಯ ದಾವೀದಪ್ಪ ಕಾಕಾ ತಳದ ಕಾಳು ಹೇಗಿದೆ ನೋಡಲು ಹೊಲಿಗೆ ಬಿಚ್ಚಿ ಮೊಳಕೈವರೆಗೆ ಕೈ ಹಾಕಿದರು. ಕೈಗೆ ಗಂಟು ಬಂತು.

"ಸಾರವ್ವಕ್ಕಾ, ಇದೇನಬೇ, ಜ್ವಾಳದ ಚೀಲಕ್ಕ ಸಾಲಿ ಕಲಿಸೀ ಏನ?"

ಎಲ್ಲರಿಗಿಂತ ಮೊದಲು ನಕ್ಕವರು ನಿಮ್ಮಜ್ಜ. ಕಾಕಾ ಪುಟ ತೆರೆದು ಹಿಡಿದಾಗ, ಅಕ್ಷರದ ಗುರುತು ಹತ್ತಿ ಎಲ್ಲರಿಗಿಂತ ಮೊದಲು ಬಾಯಿ ಮುಚ್ಚಿದವರೂ ಅವರೇ. ಕಾಕಾನಿಗೆ ಅದೆಲ್ಲಿ ತಿಳಿಯಬೇಕು? ಚರ್ಚಿನಲ್ಲಿ ಪಾಠ ಓದುವ ದೊಡ್ಡ ದನಿಯಲ್ಲಿ ಓದಿಯೇ ಬಿಟ್ಟರು: "ಆ ಮನೆಯಲ್ಲಿ ಉಪ್ಪಿಗೂ ಕೀಲಿ ಇತ್ತು. ಮೊದಲು ಕೀಲಿಕೈ ಗೊಂಚಲು ಬರುತ್ತಿತ್ತು, ಹಿಂದಿನಿಂದ ಅತ್ತೆ ಬರುತ್ತಿದ್ದಳು."

ಸಭೆಯೆಲ್ಲ ಹೋ ಎಂದು ನಕ್ಕಿತು. ನಕ್ಕ ಕಣ್ಣುಗಳೆಲ್ಲ ಮುಂದಿನ ಸಾಲಿನಲ್ಲಿದ್ದ ಅತ್ತೆಯ ಸೊಂಟದ ಕಡೆ ತಿರುಗಿದವು. ಗೊಂಚಲು ಅಲ್ಲೇ ಇತ್ತು.

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅತ್ತೆಗೆ ಓದಲು ಬರುತ್ತಿರಲಿಲ್ಲ, ಆದರೆ ಕಿವಿ ಚುರುಕು. ಎದ್ದು ನಿಂತರು.

"ದೇವರ ಚೀಲದಾಗ ಬಂದದ್ದು ದೇವರ ಪಾಲು. ನಗೂದು ಸಾಕು, ಲಿಲಾವು ಹಚ್ಚೋ ದಾವೀದಪ್ಪ."

"ಏ, ಇದನ್ನ ಯಾರು ತಗೋತಾರಬೇ?"

"ನಾ ತಗೋತೀನಿ. ಎರಡು ಚೀಲ ಜ್ವಾಳ."

ಮೇಲೆ ಕೂಗಲು ಯಾರಿಗೆ ಧೈರ್ಯ? ಅತ್ತೆ ಗಂಟನ್ನು ಬಗಲಲ್ಲಿಟ್ಟುಕೊಂಡು ಮನೆಗೆ ಬಂದು, ಶೇಂಗಾ ಡಬ್ಬಿಯ ಪಕ್ಕ ಇಟ್ಟು ಕೀಲಿ ಹಾಕಿದರು. ಬಯ್ಯಲಿಲ್ಲ. ಅದೇ ನನ್ನನ್ನು ಕೊಂದಿತು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ದಿನಾ ರೊಟ್ಟಿಗೆ ಬೆಲ್ಲ ತೆಗೆದುಕೊಡಲು ಕಪಾಟು ತೆರೆಯುತ್ತಿದ್ದರು. ನನ್ನ ಬರಹ ಒಂದು ಗಳಿಗೆ ಕಂಡು ಮರೆಯಾಗುತ್ತಿತ್ತು. ಕೇಳಲು ಬಾಯಿ ಬರಲಿಲ್ಲ. ಹೀಗೆ ನಾಲ್ಕು ಸುಗ್ಗಿ ಕಳೆದವು.

ನಾಲ್ಕನೆಯ ಸುಗ್ಗಿಯ ಮರುತಿಂಗಳು ನಿಮ್ಮಜ್ಜ ತೀರಿಕೊಂಡರು. ಆ ಮಳೆಗಾಲದಲ್ಲೊಂದು ದಿನ, ನಿಮ್ಮಪ್ಪ ಶಾಲೆಗೆ ಹೋದ ಮೇಲೆ, ಅತ್ತೆ ತಾವಾಗಿಯೇ ಕಪಾಟು ತೆರೆದು ಗಂಟನ್ನು ನನ್ನ ಮುಂದೆ ಇಟ್ಟರು.

"ಓದು. ಒಂದ ಅಕ್ಷರಾ ಬಿಟ್ಟೀ ನೋಡು."

ಎಂಟು ಮಧ್ಯಾಹ್ನ ಓದಿದೆ. ಕೀಲಿಯ ಮಾತು ಬಂದಲ್ಲೆಲ್ಲ ನನ್ನ ದನಿ ಇಳಿಯುತ್ತಿತ್ತು. "ಜೋರಾಗಿ ಓದವಾ, ಊರಿಗೆ ಕೇಳಿಸಿ ಆಗೇದ, ನನಗೇನು" ಎನ್ನುತ್ತಿದ್ದರು. ಎರಡು ಕಡೆ ನಕ್ಕೂ ನಕ್ಕರು. ಮುಗಿದ ಮೇಲೆ ಕೇಳಿದರು:

"ಅಕಿ ಕೀಲಿ ಯಾಕ ಹಾಕ್ತಿದ್ಲು ಅಂತ ಬರದಽ ಇಲ್ಲಲ್ಲ?"

"ಅದೂ... ಜಿಪುಣಿ ಅಂತ್ರಿ, ಅತ್ತಿ."

"ನಿನ್ನ ಗಂಡಗ ಒಬ್ಬಾಕಿ ಅಕ್ಕ ಇದ್ದಳು. ಗೊತ್ತದ ಏನು?"

ಗೊತ್ತಿರಲಿಲ್ಲ. ಹದಿನೈದು ವರ್ಷ ಆ ಮನೆಯಲ್ಲಿ ಉಂಡಿದ್ದೆ, ಗೊತ್ತಿರಲಿಲ್ಲ.

"ಬಿತ್ತಾಕಂತ ಶೇಂಗಾಕ್ಕ ಹುಳದ ಔಷಧ ಹಚ್ಚಿ ಇಟ್ಟಿದ್ದೆ. ಡಬ್ಬಿ ತೆರದಿತ್ತು, ನಾ ನೀರಿಗೆ ಹೋಗಿದ್ದೆ. ಮೂರು ವರ್ಷದ ಕೂಸು, ತಿನ್ನೂದಂತ ತಿಂದುಬಿಡ್ತು. ಕೊಡ ಇಳಿಸೂದ್ರಾಗ..." ಅವರ ಕೈ ತನ್ನಷ್ಟಕ್ಕೆ ಸೊಂಟದ ಗೊಂಚಲನ್ನು ಹಿಡಿದುಕೊಂಡಿತು. "ಕೃಪಾ ಅಂತ ಹೆಸರು."

ಅತ್ತೆಯ ಕಾಲಿಗೆ ಬಿದ್ದು, ಕೀಲಿಯ ಮಾತನ್ನೆಲ್ಲ ಹರಿದುಹಾಕುತ್ತೇನೆ ಎಂದೆ.

"ಹರೀಬ್ಯಾಡ. ಮಂದಿ ನಗ್ಲಿ. ನಕ್ಕವರು ಇದನ್ನೂ ಕೇಳ್ಲಿ."

ಕೃಪಾಳ ಅಧ್ಯಾಯ ಬರೆಯಲು ನನಗೆ ಎರಡು ವರ್ಷ ಹಿಡಿಯಿತು. ನಾನು ಓದಿದ್ದನ್ನು ಕೇಳಿ, ಹೂಂ ಎಂದು, ಆಮೇಲೆಯೇ ಅತ್ತೆ ಕಣ್ಣು ಮುಚ್ಚಿದರು. ಮುಂದಿನದೆಲ್ಲ ಬರೀ ಕಾಯುವ ಕಥೆ. ಒಬ್ಬ ಪ್ರಕಾಶಕರು ಹಾಗೇ ಹಿಂದಕ್ಕೆ ಕಳಿಸಿದರು. ಇನ್ನೊಬ್ಬರು ಒಪ್ಪಿ, ಕಳೆದುಕೊಂಡು, ಮತ್ತೆ ಹುಡುಕಿ, ತೀರಿಕೊಂಡರು. ನಾನು ನಡುನಡುವೆ ನಿಮ್ಮಪ್ಪನ ಮದುವೆ ಮಾಡಿದೆ, ಮೊಣಕಾಲು ಕೆಡಿಸಿಕೊಂಡೆ. ದಿನಾ ಪ್ರಾರ್ಥನೆಯ ಕೊನೆಗೆ ನಾಚುತ್ತ ಇದೊಂದನ್ನು ಸೇರಿಸುತ್ತಿದ್ದೆ. ಹೋದ ವರ್ಷ ಧಾರವಾಡದ ಒಬ್ಬ ಪ್ರಕಾಶಕರು ಒಪ್ಪಿದರು.

ಇವತ್ತು ಹತ್ತು ಗಂಟೆಗೆ ಅವರದೇ ಫೋನು.

"ಅಮ್ಮಾರ, ಬರೂ ತಿಂಗಳಾ ಅಚ್ಚಿಗೆ ಕೊಡೂಣು. ಕೀಲಿ ಅತ್ತಿ ಅಗದಿ ಮಸ್ತ ಬಂದಾಳ್ರಿ, ಓದಿ ನಕ್ಕ ನಕ್ಕ ಸಾಕಾತು. ಆದ್ರ ಆ ಕೂಸಿನ ಅಧ್ಯಾಯ ತಗದುಬಿಡೂಣ್ರಿ. ಓದೂ ಮಂದಿ ನಗು ಹೋಗಿಬಿಡ್ತದ."

"ಹಂಗಾದ್ರ ಬ್ಯಾಡ್ರಿ" ಎಂದೆ.

"ಏನ್ ಬ್ಯಾಡ್ರಿ?"

"ಪುಸ್ತಕಾನಽ ಬ್ಯಾಡ್ರಿ."

"ಇನ್ನೂ ಎಷ್ಟು ವರ್ಷ ಕಾಯ್ತೀರ್ರಿ ಅಮ್ಮಾರ?"

"ಕಾಯೂದು ನನಗ ರೂಢಿ ಐತ್ರೀ."

ಅದು ನನ್ನದೇ ದನಿ ಎಂದು ನಂಬಲು ನನಗೆ ಹೊತ್ತು ಹಿಡಿಯಿತು. ನಿಮ್ಮಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು, "ಅತ್ತಿ, ಯಾರ ಜೋಡಿ ಹಿಂಗ ಮಾತಾಡಿದ್ರಿ?" ಎಂದು ಬಾಗಿಲಿಗೆ ಬಂದು ನಿಂತಿದ್ದಳು. ನಾನು ಫೋನು ಇಟ್ಟು ಈ ಕಾಗದ ಬರೆಯಲು ಕೂತೆ.

ಆ ಕೂಸಿನ ಫೋಟೋ ಇಲ್ಲ. ಸಮಾಧಿಯ ಮೇಲೆ ಕಲ್ಲಿಲ್ಲ. ನಾಳೆ ನಾನಿಲ್ಲದಾಗ ಯಾರಾದರೂ ಬಂದು ನಿಮ್ಮ ಆಯಿಯ ಕಾದಂಬರಿ ಅಚ್ಚು ಮಾಡುತ್ತೇವೆ ಎಂದರೆ, ಖುಷಿಯಲ್ಲಿ ಒಮ್ಮೆಲೇ ಒಪ್ಪಬೇಡಿ. ಕೃಪಾ ಇದ್ದಾಳೋ ಇಲ್ಲವೋ ಮೊದಲು ನೋಡಿ. ಇದ್ದರೆ ಹೂಂ ಅನ್ನಿ. ಇಲ್ಲದಿದ್ದರೆ ನೀವೂ ಕಾಯಿರಿ.