ಕೊಳೆಯೋ, ಗುರುತೋ?

ಬೆಳಗಿನ ಆರು ಗಂಟೆ. ಜೇಡಕ್ಕ ಖಾಲಿ ನಡುಮನೆಯ ನೆಲದ ಮೇಲೆ ಕೂತು ಚಾವಣಿ ನೋಡುತ್ತಿದ್ದಾರೆ. ಪೊರಕೆ, ಏಣಿ, ಹದಿನೆಂಟು ಒರೆಸುವ ಬಟ್ಟೆ ಬಾಗಿಲ ಬಳಿ ಕಾಯುತ್ತಿವೆ. ಕೆಲಸ ಶುರು ಮಾಡದೆ ಹೀಗೇಕೆ ಎಂದು ಕೇಳಿದರೆ, “ಮನೇನ ಮೊದಲು ನೋಡ್ಬೇಕು, ಆಮೇಲೆ ಮುಟ್ಬೇಕು. ನಾನು ಉಲ್ಟಾ ಮಾಡಿ ಕಲ್ತವಳು,” ಎನ್ನುತ್ತಾರೆ.

ಬಲೆ ಎಲ್ಲಿದ್ದರೂ ಬಿಡದ ಕಾರಣಕ್ಕೆ ಈ ಅಡ್ಡಹೆಸರು. ಜೇಡಗಳಿಗೆ ಗೊತ್ತಾದರೆ ಮಾನನಷ್ಟ ಮೊಕದ್ದಮೆ ಹೂಡಿಯಾವು. ಜನ ವರ್ಷಕ್ಕೊಮ್ಮೆ ಇಡೀ ಮನೆ ತೊಳೆಸಲು ಇವರನ್ನು ಕರೆಸುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಇದೇ ಕಸುಬು. ಮೂರು ಕೋಣೆಯ ಮನೆಗೆ ಎರಡು ದಿನ, ಮೂವತ್ತು ಬಕೆಟ್ ನೀರು. ಏಣಿಯನ್ನಂತೂ ದಿನಕ್ಕೆ ಎಂಬತ್ತು ಸಲ ಹತ್ತಿ ಇಳಿಯಬೇಕು. ಗಾರೆ ಕೆಲಸದ ಗಂಡ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡ ವರ್ಷ ಹಿಡಿದ ಪೊರಕೆ ಇದು. ಈಗ ಇವರ ಮಂಡಿಯೂ ಮುಷ್ಕರ ಹೂಡಿದೆ, ಎದೆಯಲ್ಲಿ ಕೆಮ್ಮು ಬೀಡುಬಿಟ್ಟಿದೆ. “ಊರೋರ ಧೂಳೆಲ್ಲ ನನ್ನೊಳಗೆ ಬಂದು ಕೂತಿದೆ. ಅದನ್ನ ಗುಡಿಸೋಕೆ ಯಾರನ್ನ ಕರೀಲಿ?” ಎಂದು ನಗುತ್ತಾರೆ.

ಮೂಲೆ ಹುಡುಕುವುದರಲ್ಲಿ ಇವರದು ಎತ್ತಿದ ಕೈ. “ಒಳಗೆ ಹುಳುಕು ಹೊರಗೆ ಥಳಕು ಅಂತಾರಲ್ಲ, ಅದನ್ನ ನೋಡ್ಬೇಕಾದ್ರೆ ಫ್ರಿಜ್ ಮುಂದಕ್ಕೆ ಎಳೀಬೇಕು.” ಆದರೆ ಇಂದು ಆ ಗತ್ತು ಕಾಣುತ್ತಿಲ್ಲ. ಮೂರು ವರ್ಷದ ಹಿಂದೆ ಇದೇ ಮನೆಯಲ್ಲಿ ಒಂದು ತಪ್ಪು ಮಾಡಿದ್ದರು. ಅಂದಿನಿಂದ ಇವರಿಗೆ ಮುಚ್ಚಿದ್ದ ಬಾಗಿಲು ಇವತ್ತೇ ತೆರೆದಿದೆ.

ಈ ಮನೆ, ಗಡಿಯಾರ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರದು. ಕಣ್ಣು ಹೋದ ಮೇಲೂ ಅವರು ಒಬ್ಬರೇ ಇದ್ದು ಅಡುಗೆ ಮಾಡಿಕೊಳ್ಳುತ್ತಾರೆ. ಅಂದು ಅವರು ತಂಗಿಯ ಮನೆಗೆ ಹೋಗಿದ್ದರು. ಅಡುಗೆಮನೆಯ ಡಬ್ಬಿಗಳ ಮೇಲೆ ಮೇಣದ ಹನಿಗಳಿದ್ದವು. ಕರೆಂಟ್ ಹೋದಾಗ ಮೇಣದಬತ್ತಿ ಸುರಿದಿದೆ ಎಂದುಕೊಂಡ ಜೇಡಕ್ಕ ಎಲ್ಲವನ್ನೂ ಕೆರೆದು, ಡಬ್ಬಿಗಳನ್ನು ಫಳಫಳ ಹೊಳೆಯಿಸಿ ಹೋದರು. ಅವು ಹಿರಿಯರು ಬೆರಳಿನಿಂದ ಓದುವ ಗುರುತುಗಳಾಗಿದ್ದವು: ಒಂದು ಹನಿ ಎಂದರೆ ಉಪ್ಪು, ಎರಡೆಂದರೆ ಸಕ್ಕರೆ, ಮೂರೆಂದರೆ ಬಟ್ಟೆ ಒಗೆಯುವ ಸೋಡಾ. ಮರುದಿನ ಚಹಾಕ್ಕೆ ಸೋಡಾ ಬಿತ್ತು. ಬಾಯಿ ಸುಟ್ಟುಕೊಂಡ ಹಿರಿಯರು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು.

“ಬಯ್ದಿದ್ರೆ ಸರಿಹೋಗ್ತಿತ್ತು. ‘ನನ್ನ ಕಣ್ಣು ಎರಡನೇ ಸಲ ಹೋಯ್ತಮ್ಮ’ ಅಂದ್ರು, ಅಷ್ಟೇ,” ಎನ್ನುತ್ತಾರೆ ಜೇಡಕ್ಕ. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಅಂದಿನಿಂದ ಯಾವ ಮನೆಗೆ ಹೋದರೂ ಮನೆಯವರನ್ನು ಕರೆದುಕೊಂಡು ಒಂದು ಸುತ್ತು ಹಾಕುತ್ತಾರೆ. ಒಂದೊಂದು ಕಲೆಗೂ ಬೆರಳಿಟ್ಟು, “ಇದು ಕೊಳೆನಾ, ಗುರುತಾ?” ಎಂದು ಕೇಳುತ್ತಾರೆ. ಕೆಲವರಿಗೆ ತಲೆನೋವು. ಆದರೆ ಒಂದು ಮನೆಯಾಕೆ ಗೋಡೆಯ ಕಪ್ಪು ಕಲೆಯೊಂದನ್ನು ಮುಟ್ಟಲು ಬಿಡಲಿಲ್ಲ. ಸತ್ತುಹೋದ ನಾಯಿ ಹನ್ನೊಂದು ವರ್ಷ ಒರಗಿ ಮಲಗಿದ ಜಾಗವಂತೆ.

ಇಂದು ಅಡುಗೆಮನೆಯಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೆಲಸ. ಬೆಂಕಿಕಡ್ಡಿಯ ತುದಿಗೆ ಬಟ್ಟೆ ಸುತ್ತಿ, ಡಬ್ಬಿಗಳ ಮೇಲೆ ಮತ್ತೆ ಹಾಕಿರುವ ಪ್ರತಿ ಹನಿಯ ಸುತ್ತ ಜಿಡ್ಡು ತೆಗೆಯುತ್ತಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ಒಂದು ಹನಿ ಕಳಚಿ ಕೈಗೇ ಬರುತ್ತದೆ. ಗೋಂದು ಹಚ್ಚಿ ಅಂಟಿಸಿಬಿಟ್ಟರೆ ಯಾರಿಗೂ ತಿಳಿಯದು. ಆದರೆ ಜೇಡಕ್ಕ ಡಬ್ಬಿಯನ್ನೂ ಹನಿಯನ್ನೂ ಹಿಡಿದು, ಹಿರಿಯರು ಕೂತಿರುವ ನಡುಮನೆಗೆ ಹೋಗುತ್ತಾರೆ.

“ಯಜಮಾನ್ರೇ, ಉಪ್ಪಿನ ಡಬ್ಬಿ ಹನಿ ಬಿದ್ದೋಯ್ತು. ನನ್ನ ಕೈಯಿಂದಾನೇ.”

ಹಿರಿಯರು ಹನಿಯನ್ನು ಬೆರಳುಗಳ ನಡುವೆ ಹೊರಳಿಸುತ್ತಾರೆ. ಆಮೇಲೆ ಎದ್ದು, ತಡವರಿಸದೆ ಮೇಜಿನ ಡ್ರಾಯರ್ ಎಳೆದು ಒಂದು ಮೇಣದಬತ್ತಿ ತೆಗೆದು ಚಾಚುತ್ತಾರೆ.

“ಹಳೇದು ಅಂಟಲ್ಲ. ಹೊಸದು ನೀನೇ ಹಾಕು. ಸ್ವಲ್ಪ ದಪ್ಪಗಿರಲಿ.”

ಜೇಡಕ್ಕ ಬತ್ತಿ ಹಚ್ಚಿ ಹನಿ ಹಾಕುತ್ತಾರೆ. ಮೇಣ ಆರುವವರೆಗೆ ಇಬ್ಬರೂ ಕಾಯುತ್ತಾರೆ. ಹಿರಿಯರು ಬೆರಳಾಡಿಸಿ, “ಉಪ್ಪು,” ಎನ್ನುತ್ತಾರೆ. “ಮುಂದಿನ ವರ್ಷಾನೂ ನೀನೇ ಬಾಮ್ಮ.”

ಹೊರಗೆ ಬಂದು ಬಟ್ಟೆ ಹಿಂಡುತ್ತ ಜೇಡಕ್ಕ ಹೇಳುತ್ತಾರೆ: “ಇಪ್ಪತ್ತೆರಡು ವರ್ಷ ಬೇರೆಯವರ ಮನೆಯಿಂದ ತೆಗೆದಿದ್ದೇ ತೆಗೆದಿದ್ದು. ಒಂದು ಮನೇಲಾದ್ರೂ ನಾನು ಇಟ್ಟಿದ್ದು ಉಳೀತು.”